ಹಳೆಯ ಒಲೆ, ಇರುವ ಹೊಗೆಗೂಡು: ಟೆಕ್ಸಾಸಿನ ಮನೆಗಳಲ್ಲಿ ಸೌದೆ ಒಲೆಯ ಹೊಗೆಗೆ ದಾರಿ

ಪೀಠಿಕೆ

2021ರ ಫೆಬ್ರವರಿ 15ರ ನಸುಕಿನಲ್ಲಿ ಟೆಕ್ಸಾಸಿನ ವಿದ್ಯುತ್ ಜಾಲವನ್ನು ನಿರ್ವಹಿಸುವ ಎರ್ಕಾಟ್ ಸಂಸ್ಥೆಯು ಇಡೀ ಜಾಲ ಕುಸಿಯದಂತೆ ತಡೆಯಲು ವಿದ್ಯುತ್ ಕಡಿತಕ್ಕೆ ಆದೇಶಿಸಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಮರುದಿನ ಹ್ಯೂಸ್ಟನ್ನಿನಲ್ಲಿ ಉಷ್ಣತೆ 13 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಯಿತು. ಡಲ್ಲಾಸ್-ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಅದು ಸೊನ್ನೆಗೂ 2 ಡಿಗ್ರಿ ಕೆಳಗಿತ್ತು. ಆ ಚಳಿಯ ದಿನಗಳಲ್ಲಿ 246 ಮಂದಿ ಸತ್ತರೆಂದು ರಾಜ್ಯದ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಅವರಲ್ಲಿ ಹೆಚ್ಚಿನವರು ಚಳಿಯಿಂದಲೇ ತೀರಿಕೊಂಡವರು. ಬೆಚ್ಚಗಾಗಲು ಮನೆಯೊಳಗೆ ಏನನ್ನೋ ಉರಿಸಿ, ಕಾರ್ಬನ್ ಮೊನಾಕ್ಸೈಡ್ ಉಸಿರಾಡಿ ಸತ್ತವರೂ ಇದ್ದರು.

ನನ್ನ ಮನೆ ಹ್ಯೂಸ್ಟನ್ನಿನ ಪಶ್ಚಿಮದಲ್ಲಿ, ಇಂಟರ್‌ಸ್ಟೇಟ್ 10ರ ಎರಡೂ ಬದಿಗೆ ತೈಲ ಮತ್ತು ಅನಿಲ ಕಂಪನಿಗಳ ಕಚೇರಿಗಳು ಸಾಲಾಗಿ ನಿಂತಿರುವ ಎನರ್ಜಿ ಕಾರಿಡಾರಿನಲ್ಲಿದೆ. ಶಕ್ತಿಯ ಹೆಸರು ಹೊತ್ತ ಆ ಬಡಾವಣೆಯಲ್ಲಿ ನಮಗೆ ಮೂರು ದಿನ ವಿದ್ಯುತ್ತಿರಲಿಲ್ಲ. ತೀರ್ಥಹಳ್ಳಿಯಿಂದ ಬಂದು, ಕೋವಿಡ್ ಕಾರಣದಿಂದ ಹಿಂದಿರುಗಲಾಗದೆ ಉಳಿದಿದ್ದ ಎಪ್ಪತ್ತೆರಡರ ಅಮ್ಮ ನಮ್ಮೊಡನಿದ್ದರು. ಅಂಗಡಿಯಿಂದ ತಂದ ನಾಲ್ಕು ಕಟ್ಟು ಸೌದೆಯನ್ನು ಬೈಠಕ್ಕಿನ ಅಗ್ಗಿಷ್ಟಿಕೆಯಲ್ಲಿ ಉರಿಸಿದೆವು. ಬೆಂಕಿಯ ಮುಂದೆ ಕುಳಿತವರ ಮುಖ ಬಿಸಿಯಾಯಿತು, ಬೆನ್ನು ಕೊರೆಯುತ್ತಲೇ ಇತ್ತು. ಒಳಕೋಣೆಯ ಉಷ್ಣಮಾಪಕ ಬೆಂಕಿ ಹಚ್ಚುವ ಮುನ್ನ 47 ಡಿಗ್ರಿ ತೋರಿಸುತ್ತಿತ್ತು. ರಾತ್ರಿಯಿಡೀ ಉರಿಸಿದ ಮೇಲೆ 41 ಆಗಿತ್ತು. ಅಮ್ಮ ಆ ಬೆಂಕಿಯನ್ನು ನೋಡಿ, "ಇದು ಒಲೆ ಅಲ್ಲ ಕಣೋ. ಮನೆ ಬಿಸೀನೆಲ್ಲ ಹೊತ್ಕೊಂಡು ಹೊರಗೆ ಹಾಕೋ ಕೊಳವೆ" ಎಂದರು.

ಅಮ್ಮನ ಮಾತು ಅಕ್ಷರಶಃ ಸತ್ಯ. ತೆರೆದ ಅಗ್ಗಿಷ್ಟಿಕೆ ಸೌದೆಯ ಶಾಖದಲ್ಲಿ ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ಕೋಣೆಗೆ ಕೊಡುತ್ತದೆ. ಅದು ಎಳೆದುಕೊಂಡು ಹೊರಹಾಕುವ ಗಾಳಿಯ ಜಾಗಕ್ಕೆ ಬಾಗಿಲು, ಕಿಟಕಿಗಳ ಸಂದುಗಳಿಂದ ಹೊರಗಿನ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಬಾಗಿಲಿರುವ, ಗಾಳಿಯನ್ನು ಅಳೆದು ಬಿಡುವ ಮುಚ್ಚಿದ ಕಬ್ಬಿಣದ ಒಲೆಯಾದರೆ ನೂರಕ್ಕೆ 60ರಿಂದ 80 ಭಾಗ ಶಾಖವನ್ನು ಕೊಡಬಲ್ಲದು. ಆ ವರ್ಷದ ಬೇಸಿಗೆಯಲ್ಲಿ ನಾನು 400 ಡಾಲರಿಗೆ ಬಳಸಿದ ಎರಕದ ಕಬ್ಬಿಣದ ಒಲೆಯೊಂದನ್ನು ಕೊಂಡೆ. ಅದನ್ನು ನಮ್ಮ ಇಟ್ಟಿಗೆಯ ಹೊಗೆಗೂಡಿಗೆ ಜೋಡಿಸುವ ಮುನ್ನ ಕಲಿತ ಸಂಗತಿಗಳನ್ನು, ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಸುತ್ತಮುತ್ತ ಇದೇ ಆಲೋಚನೆಯಲ್ಲಿರುವ ಕನ್ನಡಿಗರಿಗಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಅದರ ಸಾರ ಇಷ್ಟು: ಒಲೆ ಬರಿಯ ಪೆಟ್ಟಿಗೆ, ಅದನ್ನು ನಡೆಸುವುದು ಹೊಗೆಗೂಡು. ತೆರೆದ ಬೆಂಕಿಗೆಂದು ಕಟ್ಟಿದ ಹೊಗೆಗೂಡು ಮುಚ್ಚಿದ ಒಲೆಗೆ ತಾನಾಗಿ ಒದಗುವುದಿಲ್ಲ.

ಒಲೆಯೂ ಹೊಗೆಗೂಡೂ ಒಂದೇ ಯಂತ್ರ

ಇದು ನಮಗೆ ಹೊಸ ಪಾಠವಾಗಬೇಕಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳ ಅನೇಕ ಅಡುಗೆಮನೆಗಳನ್ನು ಸೇರಿತು. ಮೂರು ಪಾತ್ರೆ ಕೂರುವ ಆ ಮುಚ್ಚಿದ ಒಲೆಯಲ್ಲಿ ಹೊಗೆಕೊಳವೆ ಕೊನೆಗೆ ಸೇರಿಸಿದ ಅಲಂಕಾರವಲ್ಲ. ಉರಿಗೆ ಬೇಕಾದ ಗಾಳಿಯನ್ನು ಎಳೆಯುವುದೇ ಅದು. ನಮ್ಮ ಅಜ್ಜಿಮನೆಯಲ್ಲಿ 1980ರ ದಶಕದ ಕೊನೆಗೆ ಹಾಕಿಸಿದ ಅಸ್ತ್ರ ಒಲೆಯ ಕೊಳವೆಯನ್ನು ಹಬ್ಬಕ್ಕೆ ಮುನ್ನ ಉದ್ದನೆಯ ಕೋಲಿಗೆ ಗೋಣಿ ಸುತ್ತಿ ತಿಕ್ಕುತ್ತಿದ್ದುದು ನೆನಪಿದೆ. ಒಮ್ಮೆ ಅದನ್ನು ಮರೆತಾಗ ಊದುಗೊಳವೆ ಊದಿ ಊದಿ ಸೋತರೂ ಉರಿ ಏಳಲಿಲ್ಲ.

ಸೆಳೆತದ ತತ್ತ್ವ ಸರಳ. ಬಿಸಿ ಗಾಳಿ ಹಗುರ, ತಣ್ಣನೆಯ ಗಾಳಿ ಭಾರ. ಹೊಗೆಗೂಡಿನೊಳಗಿನ ಬಿಸಿ ಗಾಳಿಯ ಕಂಬಕ್ಕೂ ಹೊರಗಿನ ಅಷ್ಟೇ ಎತ್ತರದ ತಣ್ಣನೆಯ ಕಂಬಕ್ಕೂ ಇರುವ ತೂಕದ ವ್ಯತ್ಯಾಸವೇ ಸೆಳೆತ. ಆದ್ದರಿಂದ ಅದನ್ನು ನಿರ್ಧರಿಸುವುದು ಎರಡು ಸಂಗತಿಗಳು: ಎತ್ತರ, ಮತ್ತು ಒಳಹೊರಗಿನ ಉಷ್ಣತೆಯ ಅಂತರ. 15 ಅಡಿ ಎತ್ತರದ ಹೊಗೆಗೂಡನ್ನು ತೆಗೆದುಕೊಳ್ಳೋಣ. ಹೊರಗೆ 0 ಡಿಗ್ರಿ ಸೆಲ್ಸಿಯಸ್, ಒಳಗೆ ಸರಾಸರಿ 150 ಡಿಗ್ರಿ ಇದ್ದರೆ ಲೆಕ್ಕಕ್ಕೆ ಸುಮಾರು 20 ಪಾಸ್ಕಲ್ ಸೆಳೆತ ಬರುತ್ತದೆ. ಹ್ಯೂಸ್ಟನ್ನಿನ ಸಾಮಾನ್ಯ ಚಳಿಗಾಲದಂತೆ ಹೊರಗೆ 15 ಡಿಗ್ರಿ ಇದ್ದರೆ ಅದು 18ರಷ್ಟಾಗುತ್ತದೆ. ಆದರೆ ಅದೇ ದಿನ ಒಳಗಿನ ಸರಾಸರಿ 60 ಡಿಗ್ರಿಗೆ ಇಳಿದರೆ ಸೆಳೆತ 7 ಪಾಸ್ಕಲಿಗೆ ಕುಸಿಯುತ್ತದೆ. ಮುಚ್ಚಿದ ಒಲೆಗೆ ಸಾಮಾನ್ಯವಾಗಿ ಬೇಕಾಗುವುದು ಸುಮಾರು 12. ಹೊರಗಿನ ಹವೆ ಬೆಚ್ಚಗಿರುವುದು ನಮ್ಮ ಕೈಯಲ್ಲಿಲ್ಲ. ಹೊಗೆಯನ್ನು ತುದಿಯವರೆಗೂ ಬಿಸಿಯಾಗಿ ಉಳಿಸುವುದು ನಮ್ಮ ಕೈಯಲ್ಲಿದೆ. ಒಂದೇ ಅಂತಸ್ತಿನ, ಗಿಡ್ಡ ಹೊಗೆಗೂಡಿನ ಮನೆಗಳೇ ಹೆಚ್ಚಿರುವ ಟೆಕ್ಸಾಸಿನಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು.

ತೆರೆದ ಅಗ್ಗಿಷ್ಟಿಕೆ ಕೋಣೆಯ ಗಾಳಿಯನ್ನು ರಾಶಿ ರಾಶಿಯಾಗಿ ಎಳೆಯುವುದರಿಂದ ಅದರ ಹೊಗೆನಾಳವನ್ನು ಅಗಲವಾಗಿ ಕಟ್ಟಿರುತ್ತಾರೆ. ಮುಚ್ಚಿದ ಒಲೆ ಬಿಡುವ ಹೊಗೆ ಸ್ವಲ್ಪ. ಆ ಸ್ವಲ್ಪ ಹೊಗೆ ಅಗಲವಾದ, ತಣ್ಣನೆಯ ಇಟ್ಟಿಗೆಯ ನಾಳದಲ್ಲಿ ನಿಧಾನವಾಗಿ ಏರುತ್ತ ತಣ್ಣಗಾಗುತ್ತದೆ. ಸುಮಾರು 120 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗಿಳಿದಾಗ ಅದರಲ್ಲಿನ ಅರೆಬೆಂದ ಆವಿಗಳು ಗೋಡೆಗೆ ಟಾರಿನಂತೆ ಅಂಟಿಕೊಳ್ಳುತ್ತವೆ. ಇದೇ ಕ್ರಿಯೊಸೋಟ್. ನಮ್ಮ ಹಳೆಯ ಅಡುಗೆಮನೆಗಳ ಜಂತೆಯಿಂದ ಜೋತುಬೀಳುತ್ತಿದ್ದ ಇಲ್ಲಣದ ಬಂಧುವೇ ಇದು, ಆದರೆ ಹೆಚ್ಚು ಅಪಾಯಕಾರಿ. ಮೊದಲು ಪುಡಿಮಸಿಯಾಗಿ, ಅನಂತರ ಗರಿಗರಿ ಚಕ್ಕೆಯಾಗಿ, ಕೊನೆಗೆ ಕನ್ನಡಿಯಂತೆ ಹೊಳೆಯುವ ಗಟ್ಟಿ ಪದರವಾಗಿ ಬೆಳೆಯುತ್ತದೆ. ಬುರುಸಿಗೆ ಬರುವುದು ಮೊದಲ ಎರಡು ಹಂತ ಮಾತ್ರ. ಮೂರನೆಯ ಹಂತದ ಪದರಕ್ಕೆ ಕಿಡಿ ತಾಗಿದರೆ ನಾಳವೇ ಹೊತ್ತಿ ಉರಿಯುತ್ತದೆ. ಅದರ ಉಷ್ಣತೆ 2,000 ಡಿಗ್ರಿ ಫ್ಯಾರನ್‌ಹೀಟಿನವರೆಗೂ ಹೋಗಬಲ್ಲದು. ಆ ಶಾಖಕ್ಕೆ ಒಳಗಿನ ಸುಟ್ಟ ಮಣ್ಣಿನ ಕೊಳವೆ ಬಿರಿಯುತ್ತದೆ. ಬಿರುಕಿನ ಆಚೆ ಇರುವುದು ಮನೆಯ ಮರದ ಚೌಕಟ್ಟು.

ಮೊದಲ ಪ್ರಶ್ನೆ: ಇದು ನಿಜವಾಗಿಯೂ ಇಟ್ಟಿಗೆಯ ಹೊಗೆಗೂಡೇ?

ಹೊರಗಿನಿಂದ ಇಟ್ಟಿಗೆ ಕಂಡ ಮಾತ್ರಕ್ಕೆ ಒಳಗೂ ಇಟ್ಟಿಗೆ ಇದೆಯೆಂದು ನಂಬುವಂತಿಲ್ಲ. ಟೆಕ್ಸಾಸಿನ ಬಡಾವಣೆಗಳಲ್ಲಿ, ಅದರಲ್ಲೂ 1980ರ ದಶಕದಿಂದ ಈಚೆಗೆ ಕಟ್ಟಿದ ಮನೆಗಳಲ್ಲಿ, ಮರದ ಚೌಕಟ್ಟಿನೊಳಗೆ ಕಾರ್ಖಾನೆಯಲ್ಲಿ ತಯಾರಾದ ತಗಡಿನ ಅಗ್ಗಿಷ್ಟಿಕೆಯನ್ನು ಕೂರಿಸಿ, ಮೇಲೆ ಲೋಹದ ಕೊಳವೆ ಏರಿಸಿ, ಹೊರಮೈಗೆ ಒಂದೇ ಸಾಲು ಇಟ್ಟಿಗೆಯನ್ನು ಹೊದಿಸುವ ರೂಢಿಯಿದೆ. ಅಂಥ ಅಗ್ಗಿಷ್ಟಿಕೆಯನ್ನು ಅದರ ಜೊತೆಗೇ ಪರೀಕ್ಷಿಸಲಾದ ಉಪಕರಣಕ್ಕಷ್ಟೇ ಬಳಸಬಹುದು. ಅದರೊಳಗೆ ಸೌದೆ ಒಲೆಯ ಕೊಳವೆಯನ್ನು ತೂರಿಸುವುದು ಮನೆಗೆ ಬೆಂಕಿ ಇಟ್ಟಂತೆಯೇ.

ಗುರುತಿಸುವ ಬಗೆ ಕಷ್ಟವಲ್ಲ. ಅಗ್ಗಿಷ್ಟಿಕೆಯ ಒಳಗೋಡೆಯಲ್ಲಿ ಒಂದೊಂದಾಗಿ ಕಟ್ಟಿದ ಇಟ್ಟಿಗೆಗಳಿವೆಯೋ, ಇಟ್ಟಿಗೆಯ ಅಚ್ಚೊತ್ತಿದ ದೊಡ್ಡ ಹಲಗೆಗಳಿವೆಯೋ ನೋಡಬೇಕು. ಅಂಚಿನಲ್ಲಿ ತಗಡಿನ ಚೌಕಟ್ಟು, ಗಾಳಿ ಜಾಲರಿ, ತಯಾರಕರ ಫಲಕ ಕಂಡರೆ ಅದು ಕಾರ್ಖಾನೆಯದು. ಅಟ್ಟಕ್ಕೆ ಹತ್ತಿ ನೋಡಿದರೆ ಇಟ್ಟಿಗೆಯ ಕಂಬ ಕಾಣಬೇಕು. ಮರದ ಗೂಡಿನೊಳಗೆ ಲೋಹದ ಕೊಳವೆ ಕಂಡರೆ ಅಲ್ಲಿಗೆ ಮಾತು ಮುಗಿಯಿತು. ಛಾವಣಿಯ ಮೇಲೆ ನಿಜವಾದ ಹೊಗೆಗೂಡಿನ ನೆತ್ತಿಯಲ್ಲಿ ಸಿಮೆಂಟಿನ ನಡುವೆ ಚೌಕನೆಯ ಮಣ್ಣಿನ ಕೊಳವೆಯ ತುದಿ ಇರುತ್ತದೆ. ಹುಸಿಯದರ ನೆತ್ತಿಯಲ್ಲಿ ತಗಡಿನ ಮುಚ್ಚಳ ಮತ್ತು ದುಂಡನೆಯ ಕೊಳವೆ. ಕಾರ್ಖಾನೆಯ ಅಗ್ಗಿಷ್ಟಿಕೆ ಇರುವವರು ಸೌದೆ ಒಲೆಯನ್ನೇ ಬಯಸಿದರೆ, ಯುಎಲ್ 103 ಎಚ್‌ಟಿ ಮಾನಕದ ಹೊಸ ಲೋಹದ ಹೊಗೆಗೂಡನ್ನು ಬೇರೆಯಾಗಿಯೇ ಕಟ್ಟಿಸುವುದು ಸರಿಯಾದ ದಾರಿ.

ನಮ್ಮದು 1978ರ ಮನೆ, ಹೊಗೆಗೂಡು ನಿಜವಾದದ್ದು. ಇನ್ನೇನು ಎಂದುಕೊಂಡೆ. ಹುಬ್ಬಳ್ಳಿಯ ಗೆಳೆಯರೊಬ್ಬರು ಒಲೆ ಇಳಿಸಲು ಕೈಜೋಡಿಸಲು ಬಂದವರು, "ಇಷ್ಟಕ್ಕ ಯಾಕ ಮಂದೀನ್ನ ಕರಸ್ತೀರಿ? ನಾಕ್ ಫೂಟ್ ಪೈಪ್ ಮ್ಯಾಲೆ ತೂರಿಸಿಬಿಟ್ರ ಆತು, ಹೊಗಿ ತಾನ ಹೋಗ್ತದ" ಎಂದರು. ನನಗೂ ಅದೇ ಸರಿಯೆನಿಸಿತ್ತು. ಒಲೆಯನ್ನು ಅಗ್ಗಿಷ್ಟಿಕೆಯೊಳಗೆ ತಳ್ಳಿ, ಗಿಡ್ಡ ಕೊಳವೆಯನ್ನು ಅಗಲನಾಳದೊಳಕ್ಕೆ ಬಿಟ್ಟು ನಿಲ್ಲಿಸುವ ಈ ಪದ್ಧತಿ 1970ರ ದಶಕದ ತೈಲ ಬಿಕ್ಕಟ್ಟಿನ ಕಾಲದಲ್ಲಿ ಅಮೆರಿಕದಲ್ಲಿ ಸಾಮಾನ್ಯವಾಗಿತ್ತು. ಹೊಗೆ ಹೋಗುತ್ತದೆ, ನಿಜ. ಆದರೆ ಮೇಲೆ ಹೇಳಿದ ಅಗಲನಾಳದ ದೋಷವೆಲ್ಲ ಅದಕ್ಕೆ ಅನ್ವಯಿಸುತ್ತದೆ. ಮೇಲಿನಿಂದ ಉದುರಿದ ಮಸಿ ಒಲೆಯ ಹಿಂದೆ, ಕೈಗೆಟುಕದ ಕಡೆ ರಾಶಿ ಬೀಳುತ್ತದೆ. ಗುಡಿಸಬೇಕಾದರೆ ಪ್ರತಿ ಸಲವೂ ಒಲೆಯನ್ನೇ ಹೊರಗೆಳೆಯಬೇಕು. ಹಾಗಾಗಿ ಯಾರೂ ಗುಡಿಸುವುದಿಲ್ಲ.

ಪರೀಕ್ಷೆ ಏಕೆ ಬೇಕು

ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘದ 211ನೆಯ ಮಾನಕ ಹೊಗೆಗೂಡಿನ ತಪಾಸಣೆಯನ್ನು ಮೂರು ಹಂತಗಳಾಗಿ ವಿಂಗಡಿಸಿದೆ. ವರ್ಷಕ್ಕೊಮ್ಮೆ ಮಾಡುವ ಸಾಮಾನ್ಯ ತಪಾಸಣೆ ಮೊದಲನೆಯದು. ಮನೆ ಮಾರಾಟವಾದಾಗ, ನಾಳದಲ್ಲಿ ಬೆಂಕಿ ಬಿದ್ದಾಗ, ಅಥವಾ ಉಪಕರಣವನ್ನು ಬದಲಾಯಿಸಿದಾಗ ಎರಡನೆಯ ಹಂತದ ತಪಾಸಣೆ ಬೇಕು. ಅದರಲ್ಲಿ ನಾಳದೊಳಗೆ ಕ್ಯಾಮೆರಾ ಇಳಿಸಿ ನೋಡುತ್ತಾರೆ, ಅಟ್ಟದಿಂದಲೂ ಪರಿಶೀಲಿಸುತ್ತಾರೆ. ಗೋಡೆ ಒಡೆದು ನೋಡುವುದು ಮೂರನೆಯದು. ಅಗ್ಗಿಷ್ಟಿಕೆಯ ಜಾಗದಲ್ಲಿ ಒಲೆ ಇಡುವುದು ಉಪಕರಣದ ಬದಲಾವಣೆ. ಆದ್ದರಿಂದ ಎರಡನೆಯ ಹಂತ ತಪ್ಪದು. ಚಿಮ್ನಿ ಸೇಫ್ಟಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕದ ಪ್ರಮಾಣಪತ್ರ ಪಡೆದವರನ್ನು ಹುಡುಕಿ ಕರೆಸುವುದು ಒಳ್ಳೆಯದು.

ನಾನು ಕರೆಸಿದೆ. ಕ್ಯಾಮೆರಾ ಇಳಿಯುತ್ತಿದ್ದಂತೆ ಪರದೆಯ ಮೇಲೆ ನೋಡುತ್ತ ನಿಂತಿದ್ದೆ. ಮೇಲಿನಿಂದ ಮೂರನೆಯ ಮಣ್ಣಿನ ಕೊಳವೆ ಉದ್ದಕ್ಕೆ ಸೀಳಿತ್ತು. ಅದರ ಕೆಳಗಿನ ಸಂದಿಯಲ್ಲಿ ಗಾರೆಯೇ ಇರಲಿಲ್ಲ, ಕಪ್ಪು ಸಂದು ಮಾತ್ರ. ಅಟ್ಟದಲ್ಲಿ ಅದೇ ಎತ್ತರಕ್ಕೆ ಛಾವಣಿಯ ಮರದ ತೊಲೆಯೊಂದು ಇಟ್ಟಿಗೆಗೆ ಒತ್ತಿಕೊಂಡು ನಿಂತಿತ್ತು. ತೊಲೆಯ ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ಮನೆಯೊಳಗೆ ಹಾಯುವ ಹೊಗೆಗೂಡಿಗೂ ಮರಕ್ಕೂ ನಡುವೆ 2 ಇಂಚು, ಹೊರಗೋಡೆಗೆ ಕಟ್ಟಿದ್ದಾದರೆ 1 ಇಂಚು ತೆರವು ಇರಬೇಕೆಂಬುದು ನಿಯಮ. ಫೆಬ್ರವರಿಯ ಆ ರಾತ್ರಿ ನಾವು ಅದೇ ನಾಳದ ಕೆಳಗೆ ಬೆಂಕಿ ಹಚ್ಚಿ, ಅಮ್ಮನಿಗೂ ಮಕ್ಕಳಿಗೂ ಅಲ್ಲಿಯೇ ಹಾಸಿಗೆ ಹಾಸಿದ್ದೆವು.

ಇಂಥ ಬಿರುಕಿಗೆ ಇಲ್ಲಿನ ನೆಲವೂ ಕಾರಣವಾಗಬಹುದು. ಹ್ಯೂಸ್ಟನ್ನಿನ ಜೇಡಿನೆಲವೂ ಡಲ್ಲಾಸಿನಿಂದ ಆಸ್ಟಿನ್‌ವರೆಗೆ ಹಬ್ಬಿರುವ ಬ್ಲ್ಯಾಕ್‌ಲ್ಯಾಂಡ್ ಪ್ರೇರಿಯ ಕರಿಮಣ್ಣೂ ನಮ್ಮ ಧಾರವಾಡ, ಗದಗ ಸೀಮೆಯ ಎರೆಮಣ್ಣಿನ ಹಾಗೆಯೇ. ಮಳೆಗೆ ಉಬ್ಬುತ್ತವೆ, ಬಿಸಿಲಿಗೆ ಬಿರಿಯುತ್ತವೆ. ಟನ್ನುಗಟ್ಟಲೆ ತೂಕದ ಇಟ್ಟಿಗೆಯ ಕಂಬ ಅಂಥ ನೆಲದಲ್ಲಿ ಮನೆಗಿಂತ ಬೇರೆಯಾಗಿ ಕುಸಿದು ವಾಲುತ್ತದೆ. ಹೊಗೆಗೂಡಿಗೂ ಗೋಡೆಗೂ ನಡುವೆ ಮೇಲಕ್ಕೆ ಹೋದಂತೆ ಅಗಲವಾಗುವ ಸಂದು ಕಂಡರೆ ಅಡಿಪಾಯದ ದುರಸ್ತಿಯೇ ಮೊದಲ ಕೆಲಸ. 2017ರ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತದ ವೇಳೆ ಆಡಿಕ್ಸ್ ಮತ್ತು ಬಾರ್ಕರ್ ಜಲಾಶಯಗಳಿಂದ ನೀರು ಬಿಟ್ಟಾಗ ಬಫೆಲೊ ಬಾಯೂ ಬದಿಯ ನಮ್ಮ ಸುತ್ತಿನ ಅನೇಕ ಮನೆಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಅಂಥ ಮನೆ ಕೊಂಡವರು ಹೊಸ ಗೋಡೆಹಲಗೆಯನ್ನು ನೋಡಿ ತೃಪ್ತರಾಗದೆ ಹೊಗೆಗೂಡಿನ ಬುಡವನ್ನೂ ನೋಡಿಸಬೇಕು. ಆಸ್ಟಿನ್ನಿನ ಪಶ್ಚಿಮಕ್ಕೆ, 1846ರಲ್ಲಿ ಜರ್ಮನ್ ವಲಸಿಗರು ನೆಲೆಸಿದ ಫ್ರೆಡರಿಕ್ಸ್‌ಬರ್ಗ್ ಕಡೆಯ ಹಳೆಯ ಸುಣ್ಣಕಲ್ಲಿನ ಮನೆಗಳಲ್ಲಿ ನಾಳದೊಳಗೆ ಮಣ್ಣಿನ ಕೊಳವೆಯೇ ಇಲ್ಲದಿರಬಹುದು. ಅಂಥದ್ದಕ್ಕೆ ಒಳಕೊಳವೆ ಹಾಕದೆ ಒಲೆ ಜೋಡಿಸಲೇಬಾರದು.

ಬಳಸಿದ ಒಲೆಯನ್ನು ಕೊಳ್ಳುವಾಗ

ಮೊದಲು ಒಲೆಯ ಹಿಂಬದಿಯ ಲೋಹದ ಫಲಕವನ್ನು ಓದಬೇಕು. ಯುಎಲ್ 1482 ಮಾನಕದಂತೆ ಪರೀಕ್ಷೆಯಾಗಿದ್ದರೆ ಗೋಡೆಯಿಂದ ಎಷ್ಟು ದೂರವಿರಬೇಕು, ಕೆಳಗೆ ಎಂಥ ಹಾಸು ಬೇಕು, ಕೊಳವೆಯ ಅಳತೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಫಲಕವಿಲ್ಲದ ಒಲೆಗೆ ಸುತ್ತಲೂ 36 ಇಂಚು ತೆರವು ಬಿಡಬೇಕೆಂಬುದು ಸಾಮಾನ್ಯ ನಿಯಮ. ಅಷ್ಟು ಜಾಗ ಬೈಠಕ್ಕಿನಲ್ಲಿ ಸಿಗುವುದು ಅಪರೂಪ, ವಿಮಾ ಕಂಪನಿ ಒಪ್ಪುವುದು ಇನ್ನೂ ಅಪರೂಪ. ಪರಿಸರ ಸಂರಕ್ಷಣಾ ಸಂಸ್ಥೆಯ ಹೊಗೆ ಮಿತಿಗಳು ಬಂದದ್ದು 1988ರಲ್ಲಿ. 1990ರ ಹಂತದಲ್ಲಿ ವೇಗವರ್ಧಕವಿಲ್ಲದ ಒಲೆಗೆ ಗಂಟೆಗೆ 7.5 ಗ್ರಾಂ ಇದ್ದ ಮಿತಿ, 2020ರ ಹೊತ್ತಿಗೆ ಪರೀಕ್ಷಾ ವಿಧಾನಕ್ಕೆ ತಕ್ಕಂತೆ 2 ಅಥವಾ 2.5 ಗ್ರಾಮಿಗೆ ಇಳಿಯಿತು. ಕಡಿಮೆ ಹೊಗೆಯೆಂದರೆ ಕಡಿಮೆ ಕ್ರಿಯೊಸೋಟ್. ಆದ್ದರಿಂದ ಈ ಪ್ರಮಾಣೀಕರಣವಿಲ್ಲದ 1970ರ ದಶಕದ ಒಲೆಗಳು ಎಷ್ಟು ಅಗ್ಗವಾದರೂ ಬೇಡವೆಂಬುದು ನನ್ನ ಅಭಿಪ್ರಾಯ.

ಅನಂತರ ದೇಹಪರೀಕ್ಷೆ. ಕತ್ತಲಲ್ಲಿ ಒಲೆಯೊಳಗೆ ಟಾರ್ಚ್ ಇಟ್ಟು ಹೊರಗೆ ಬೆಳಕು ತೂರುವುದೇ ನೋಡಬೇಕು. ಎರಕದ ಬಿರುಕು ಹೀಗೆಯೇ ಸಿಗುವುದು. ಬಾಗಿಲಿನ ಸಂದಿಗೆ ಡಾಲರ್ ನೋಟು ಸಿಕ್ಕಿಸಿ ಮುಚ್ಚಿ ಎಳೆದರೆ ಅದು ಬಿಗಿಯಾಗಿ ಹಿಡಿದಿರಬೇಕು. ಸಲೀಸಾಗಿ ಬಂದರೆ ಸುತ್ತಲಿನ ನಾರುಹಗ್ಗವನ್ನು ಬದಲಿಸಬೇಕು. ಅದು ಅಗ್ಗದ ಕೆಲಸ. ಒಳಗಿನ ಬೆಂಕಿಯಿಟ್ಟಿಗೆ ಒಡೆದಿದ್ದರೂ ಚಿಂತೆಯಿಲ್ಲ. ಮೇಲಿನ ತಡೆಹಲಗೆ ಬಾಗಿದ್ದರೆ, ದೇಹದ ಎರಕವೇ ಬಿರಿದಿದ್ದರೆ ಬಿಟ್ಟು ಬರಬೇಕು: ಆ ಒಲೆ ಹಿಂದೊಮ್ಮೆ ಮಿತಿಮೀರಿ ಕಾದಿದೆ.

ಒಳಕೊಳವೆಯ ಲೆಕ್ಕ

ನನ್ನ ಒಲೆಯ ಹೊಗೆಬಾಯಿ 6 ಇಂಚು ವ್ಯಾಸದ್ದು. ಅದರ ವಿಸ್ತೀರ್ಣ ಸುಮಾರು 28 ಚದರ ಇಂಚು. ನನ್ನ ನಾಳದ ಒಳ ಅಳತೆ 11 ಇಂಚು ಚೌಕ. ಅಂದರೆ 121 ಚದರ ಇಂಚು, ನಾಲ್ಕು ಪಟ್ಟಿಗೂ ಹೆಚ್ಚು. 211ನೆಯ ಮಾನಕದ ಪ್ರಕಾರ ನಾಳವು ಒಲೆಯ ಹೊಗೆಬಾಯಿಗಿಂತ ಚಿಕ್ಕದಿರಬಾರದು; ಮನೆಯೊಳಗೇ ಏರುವ ಹೊಗೆಗೂಡಾದರೆ ಮೂರು ಪಟ್ಟು, ಹೊರಗೋಡೆಗೆ ಮೈಯೊಡ್ಡಿ ನಿಂತದ್ದಾದರೆ ಎರಡು ಪಟ್ಟು ಮೀರಬಾರದು. ಬಿರುಕು ಇಲ್ಲದಿದ್ದರೂ ನನ್ನ ನಾಳ ಈ ಲೆಕ್ಕದಲ್ಲಿಯೇ ಸೋತಿತ್ತು.

ಪರಿಹಾರವೆಂದರೆ ಒಲೆಯ ಬಾಯಿಂದ ಹೊಗೆಗೂಡಿನ ನೆತ್ತಿಯವರೆಗೆ ಒಂದೇ ಅಳತೆಯ, ಯುಎಲ್ 1777 ಮಾನಕದ ಸ್ಟೇನ್‌ಲೆಸ್ ಉಕ್ಕಿನ ಒಳಕೊಳವೆ. ಇಲ್ಲಿನವರು ಲೈನರ್ ಎನ್ನುವುದು ಇದನ್ನೇ. ಸೌದೆಯ ಹೊಗೆಗೆ 316 ದರ್ಜೆಯ ಉಕ್ಕನ್ನು ಬಳಸುತ್ತಾರೆ. ಅದರ ಸುತ್ತ ಶಾಖನಿರೋಧಕ ಕಂಬಳಿ ಸುತ್ತಿ ಇಳಿಸಬೇಕು. ಕಂಬಳಿ ಹೊಗೆಯನ್ನು ತುದಿಯವರೆಗೆ ಬಿಸಿಯಾಗಿಡುತ್ತದೆ. ಇಟ್ಟಿಗೆಗೂ ಮರಕ್ಕೂ ನಡುವೆ ತೆರವಿಲ್ಲದ ನನ್ನಂಥವರ ಮನೆಯಲ್ಲಿ ಮರವನ್ನು ಕಾಯುವುದೂ ಅದೇ. ಕಂಬಳಿ ಬೇಡವೆಂದು ಖರ್ಚು ಉಳಿಸುವ ಸಲಹೆ ಬಂದರೆ ಒಪ್ಪಬೇಡಿ.

ಕೊಳವೆ ಇಳಿಸುವಾಗ ಅಡ್ಡಿಯಾಗುವುದು ಅಗ್ಗಿಷ್ಟಿಕೆಯ ಕಂಠದಲ್ಲಿರುವ ಡ್ಯಾಂಪರ್ ಎಂಬ ಕಬ್ಬಿಣದ ಮುಚ್ಚಳ. ಅದರ ಸಂದು ಬಹಳ ಕಡೆ 4-5 ಇಂಚಷ್ಟೇ ಇರುವುದರಿಂದ ಚೌಕಟ್ಟನ್ನು ಕತ್ತರಿಸಬೇಕಾಗುತ್ತದೆ. ಕೊಳವೆ ಇಳಿದ ಮೇಲೆ ಸುತ್ತಲಿನ ಕಂಠವನ್ನು ಉಕ್ಕಿನ ತಗಡಿನಿಂದ ಮುಚ್ಚಿ ಮೇಲೆ ಕಲ್ಲುಣ್ಣೆ ತುಂಬಬೇಕು. ಇಲ್ಲವಾದರೆ ಒಲೆಯ ಬಿಸಿ ಕೋಣೆಗೆ ಬರುವ ಬದಲು ಹಳೆಯ ನಾಳಕ್ಕೇ ಏರುತ್ತದೆ. ನೆತ್ತಿಯಲ್ಲಿ ಮುಚ್ಚುಫಲಕ, ಮಳೆಟೋಪಿ, ಕಿಡಿ ತಡೆಯುವ ಜಾಲರಿ. ಹೊಗೆಗೂಡು ಛಾವಣಿಯಿಂದ ಹೊರಬಂದ ಕಡೆಯಿಂದ ಕನಿಷ್ಠ 3 ಅಡಿ, ಮತ್ತು ಸುತ್ತ 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು.

ಒಲೆಯಿಂದ ನಾಳಕ್ಕೆ ಹೋಗುವ ಕಪ್ಪು ಉಕ್ಕಿನ ಕೊಳವೆ ಕೋಣೆಯಲ್ಲಿ ಕಾಣುವಂತಿದ್ದರೆ ಉರಿಯಬಲ್ಲ ವಸ್ತುವಿನಿಂದ 18 ಇಂಚು ದೂರವಿರಬೇಕು, ಅಡ್ಡ ಓಡುವಾಗ ಅಡಿಗೆ ಕಾಲು ಇಂಚಿನಂತೆ ಮೇಲೇರಬೇಕು, ಪ್ರತಿ ಸಂದಿಗೂ ಮೂರು ತಿರುಪು ಹಾಕಬೇಕು. ಸಂದಿಯ ಕಿರಿದಾದ ತುದಿ ಒಲೆಯ ಕಡೆಗೆ ಮುಖ ಮಾಡಿರಬೇಕು. ಆಗ ಇಳಿಯುವ ಟಾರು ಹೊರಗೆ ಜಿನುಗದೆ ಒಲೆಯೊಳಗೇ ಬಿದ್ದು ಉರಿಯುತ್ತದೆ. ಸತುವು ಲೇಪಿಸಿದ ಬಿಳಿ ತಗಡಿನ ಕೊಳವೆಯನ್ನು ಇಲ್ಲಿ ಬಳಸಕೂಡದು.

ನಮ್ಮ ಮನೆಗಳ ವಿಶೇಷ

ಟೆಕ್ಸಾಸಿನ ಹಲವು ಅಗ್ಗಿಷ್ಟಿಕೆಗಳಲ್ಲಿ ಸೌದೆ ಹೊತ್ತಿಸಲು ಅನಿಲದ ಕೊಳವೆಯೊಂದಿರುತ್ತದೆ. ಒಲೆ ಕೂರಿಸುವ ಮುನ್ನ ಪರವಾನಗಿ ಪಡೆದ ಪ್ಲಂಬರನಿಂದ ಅದನ್ನು ಮುಚ್ಚಿಸಬೇಕು. ಅನಿಲದ ನೀರುಕಾಯಿಸುವ ಯಂತ್ರವೋ ಕುಲುಮೆಯೋ ಬಳಸುವ ನಾಳಕ್ಕೆ ಸೌದೆ ಒಲೆಯನ್ನು ಜೋಡಿಸುವಂತಿಲ್ಲ.

ಎರಡನೆಯದು ಒಗ್ಗರಣೆ. ಮೆಣಸಿನಕಾಯಿಯ ಘಾಟು ತಡೆಯಲು ನಮ್ಮಲ್ಲಿ ಅನೇಕರು ನಿಮಿಷಕ್ಕೆ 600 ಘನ ಅಡಿ, 900 ಘನ ಅಡಿ ಗಾಳಿ ಎಳೆಯುವ ಯಂತ್ರವನ್ನು ಅಡುಗೆಮನೆಗೆ ಹಾಕಿಸಿರುತ್ತೇವೆ. ಬಿಗಿಯಾದ ಮನೆಯಲ್ಲಿ ಅದು ಚಾಲೂ ಆದೊಡನೆ ಕೆಲವೇ ಪಾಸ್ಕಲ್ ಸೆಳೆತದ ಒಲೆಯ ಹೊಗೆಯನ್ನು ಕೋಣೆಯೊಳಕ್ಕೇ ಎಳೆದುಬಿಡಬಲ್ಲದು. 400 ಘನ ಅಡಿ ಮೀರಿದ ಯಂತ್ರಕ್ಕೆ ಹೊರಗಿನಿಂದ ಪ್ರತ್ಯೇಕ ಗಾಳಿದಾರಿ ಬೇಕೆಂದು ವಸತಿ ಕಟ್ಟಡ ಸಂಹಿತೆ ಹೇಳುವುದು ಇದಕ್ಕಾಗಿಯೇ. ನಮ್ಮ ಮನೆಯಲ್ಲಿ ಒಲೆ ಉರಿಯುವಾಗ ಅಡುಗೆಮನೆಯ ಕಿಟಕಿ ತೆರೆಯದೆ ಆ ಯಂತ್ರವನ್ನು ಹಾಕುವುದಿಲ್ಲ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಮಲಗುವ ಕೋಣೆಗಳ ಹೊರಗೆ ಬ್ಯಾಟರಿಯಿಂದ ನಡೆಯುವ ಅದರ ಎಚ್ಚರಿಕೆಗಂಟೆ ಇಲ್ಲದೆ ಒಲೆ ಹಚ್ಚಬಾರದು. ಒಲೆ ಬೇಕಾಗುವುದು ವಿದ್ಯುತ್ ಹೋದ ದಿನವೇ ಅಲ್ಲವೇ?

ಮೂರನೆಯದು ಅಗ್ಗಿಷ್ಟಿಕೆಯ ಮೇಲಿನ ಮರದ ಹಲಗೆ. ನಮ್ಮ ಮನೆಗಳಲ್ಲಿ ದಸರೆಯ ಗೊಂಬೆಗಳು, ದೇವರ ಪಟ, ಬಾಡಿದ ಹಾರ ಎಲ್ಲಕ್ಕೂ ಅದೇ ಜಾಗ. ಒಲೆಯ ಫಲಕದಲ್ಲಿ ಹೇಳಿದ ತೆರವು ಆ ಹಲಗೆಗೂ ಅನ್ವಯಿಸುತ್ತದೆ. ನಮ್ಮ ಗೊಂಬೆಗಳು ಈಗ ಎದುರು ಗೋಡೆಗೆ ಸ್ಥಳಾಂತರಗೊಂಡಿವೆ.

ಸೌದೆ, ಹಕ್ಕಿ, ವರ್ಷದ ಕೆಲಸ

ಸೀಳಿದ ಓಕ್ ಸೌದೆ ಒಣಗಲು ಒಂದರಿಂದ ಎರಡು ವರ್ಷ ಬೇಕು. ತೇವಮಾಪಕದ ಮುಳ್ಳನ್ನು ಹೊಸದಾಗಿ ಸೀಳಿದ ಮುಖಕ್ಕೆ ಚುಚ್ಚಿ ನೋಡಿ, ನೂರಕ್ಕೆ 20ಕ್ಕಿಂತ ಕಡಿಮೆ ತೇವವಿದ್ದರೆ ಉರಿಸಬಹುದು. ಹಸಿ ಸೌದೆ ಎಷ್ಟು ಒಳ್ಳೆಯ ಹೊಗೆಗೂಡನ್ನೂ ಕೆಡಿಸುತ್ತದೆ. ಬೇಲಿಯ ಹಲಗೆ, ಬಣ್ಣ ಬಳಿದ ಮರ, ಔಷಧ ಹಾಕಿದ ಮರ ಬೇಡ. ಆಸ್ಟಿನ್ ಸುತ್ತಲಿನವರು ಓಕ್ ಮರಗಳ ಬಾಡುರೋಗ ಹರಡದಂತೆ ಸತ್ತ ಕೆಂಪು ಓಕ್ ಸೌದೆಯನ್ನು ದೂರದಿಂದ ತರಬಾರದು. ಬೂದಿಯನ್ನು ಮುಚ್ಚಳವಿರುವ ಲೋಹದ ಬಕೆಟಿನಲ್ಲಿ ಮನೆಯಿಂದ ದೂರವಿಡಬೇಕು. ಬೂದಿ ಮುಚ್ಚಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆಂಬುದು ಬಚ್ಚಲೊಲೆ ಉರಿಸಿದವರಿಗೆಲ್ಲ ತಿಳಿದದ್ದೇ.

ಗುಡಿಸುವ ಕಾಲವನ್ನು ಇಲ್ಲಿ ಹಕ್ಕಿಯೊಂದು ನಿರ್ಧರಿಸುತ್ತದೆ. ಚಿಮ್ನಿ ಸ್ವಿಫ್ಟ್ ಎಂಬ ಬಾನಾಡಿ ಮಾರ್ಚ್ ಹೊತ್ತಿಗೆ ದಕ್ಷಿಣ ಅಮೆರಿಕದಿಂದ ಟೆಕ್ಸಾಸಿಗೆ ಬಂದು, ತೆರೆದ ಇಟ್ಟಿಗೆಯ ಹೊಗೆಗೂಡುಗಳಲ್ಲಿ ಗೂಡು ಕಟ್ಟುತ್ತದೆ. ಅದಕ್ಕೆ ಕೊಂಬೆಯ ಮೇಲೆ ಕೂರಲು ಬಾರದು, ಒರಟು ಗೋಡೆಗೆ ಜೋತುಬೀಳಬಲ್ಲದು ಅಷ್ಟೇ. 1918ರ ವಲಸೆ ಹಕ್ಕಿಗಳ ಕಾಯಿದೆಯಂತೆ ಮೊಟ್ಟೆ, ಮರಿ ಇರುವ ಗೂಡನ್ನು ಕದಲಿಸುವುದು ಅಪರಾಧ. ಆದ್ದರಿಂದ ಚಳಿ ಮುಗಿದೊಡನೆ, ಹಕ್ಕಿ ಬರುವ ಮುನ್ನ ಗುಡಿಸಿ ಮುಗಿಸಬೇಕು. ಉಕ್ಕಿನ ಒಳಕೊಳವೆ ಹಾಕಿದವರು ನೆತ್ತಿಯನ್ನು ಜಾಲರಿಯಿಂದ ಮುಚ್ಚಲೇಬೇಕು. ನುಣುಪಾದ ಕೊಳವೆಯೊಳಗೆ ಇಳಿದ ಹಕ್ಕಿ ಮೇಲೇರಲಾರದೆ ಸಾಯುತ್ತದೆ.

ನಾಳ ಹೊತ್ತಿಕೊಂಡರೆ ರೈಲು ಹಾದುಹೋದಂಥ ಸದ್ದು ಬರುತ್ತದೆ. ಆಗ ಒಲೆಯ ಗಾಳಿದಾರಿಯನ್ನು ಪೂರ್ತಿ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ 911ಕ್ಕೆ ಕರೆ ಮಾಡಬೇಕು. ನೀರು ಎರಚಬಾರದು.

ಮುಗಿಸುವ ಮುನ್ನ

ಲೆಕ್ಕ ಕೇಳುವವರಿಗಾಗಿ ಹೇಳುತ್ತೇನೆ: ಒಲೆಗೆ ಕೊಟ್ಟದ್ದು 400 ಡಾಲರ್, ತಪಾಸಣೆ, ಒಳಕೊಳವೆ, ತೊಲೆಯ ದುರಸ್ತಿ ಮತ್ತು ನಗರದ ಅನುಮತಿ ಸೇರಿ ಅದರ ಹತ್ತು ಪಟ್ಟಿಗೂ ಹೆಚ್ಚು. ಕೆಲಸ ಮುಗಿದ ಮೇಲೆ ವಿಮಾ ಕಂಪನಿಗೆ ಚಿತ್ರಗಳೊಡನೆ ಲಿಖಿತವಾಗಿ ತಿಳಿಸಿದೆ. ಹೇಳದೆ ಹಾಕಿದ ಒಲೆಯಿಂದ ಬೆಂಕಿ ಬಿದ್ದರೆ ಪರಿಹಾರದ ಹಣಕ್ಕೇ ಸಂಚಕಾರ ಬರಬಹುದು. ಇಷ್ಟು ಖರ್ಚು ಎಲ್ಲರಿಗೂ ಬೇಕಾಗಿಲ್ಲ. ವರ್ಷಕ್ಕೆ ನಾಲ್ಕು ದಿನದ ಚಳಿಗೆ ದಪ್ಪ ರಜಾಯಿ, ಗೋಡೆಗೆ ಒಳ್ಳೆಯ ನಿರೋಧಕ ಸಾಕೆಂಬವರ ಮಾತಿನಲ್ಲಿ ಹುರುಳಿದೆ. ಆದರೆ ಒಲೆ ಹಾಕುವವರು ಅರ್ಧ ಹಾಕಬಾರದು.

ಮರುವರ್ಷದ ಫೆಬ್ರವರಿಯಲ್ಲಿ ಚಳಿಗಾಳಿ ಬೀಸಿದ ಒಂದು ಸಂಜೆ ಮೊದಲ ಬಾರಿಗೆ ಒಲೆಯನ್ನು ದಿನವಿಡೀ ಉರಿಸಿದೆವು. ಒಳಕೋಣೆಯಲ್ಲಿ 66 ಡಿಗ್ರಿ ಇತ್ತು. ಒಲೆಯ ಮೇಲೆ ಹುರುಳಿಕಟ್ಟಿನ ಪಾತ್ರೆ ಕುದಿಯುತ್ತಿತ್ತು. ಊರಿಗೆ ಮರಳಿದ್ದ ಅಮ್ಮನಿಗೆ ವಿಡಿಯೊ ಕರೆಯಲ್ಲಿ ತೋರಿಸಿದೆ. ಅವರು ಉರಿಯನ್ನೂ ಪಾತ್ರೆಯನ್ನೂ ಹೆಚ್ಚು ಹೊತ್ತು ನೋಡಲಿಲ್ಲ. "ಹೊರಗೆ ಹೋಗಿ ತೋರ್ಸು, ಹೊಗೆ ಹೆಂಗೆ ಹೋಗ್ತಿದೆ ನೋಡಣ" ಎಂದರು. ಅಂಗಳಕ್ಕಿಳಿದು ಫೋನನ್ನು ಮೇಲೆತ್ತಿ ಹಿಡಿದೆ. ಹೊಗೆಗೂಡಿನ ನೆತ್ತಿಯಲ್ಲಿ ಬಿಸಿಗಾಳಿಯ ನಡುಕ ಕಂಡಿತು, ಹೊಗೆ ಕಾಣಲಿಲ್ಲ.